ಗೆರ್ನೋಟ್ ಪೀಪರನ ಮೈನಸ್

ಕೇಕ್ ಮುಂಚೆ ತಂದದ್ದೇ ತಪ್ಪಾಯಿತು.

ಜರ್ಮನಿಯ ರೈನ್ ನದಿ ದಂಡೆಯ ಆ ಊರಿನ ಭೌತವಿಜ್ಞಾನ ಸಂಸ್ಥೆಯಲ್ಲಿ ಒಂದು ಪದ್ಧತಿಯಿತ್ತು. ಯಾರದಾದರೂ ಪ್ರಬಂಧ ಹೊರಬಿದ್ದರೆ ಅವರು ಮಾರನೆಯ ದಿನದ ಕಾಫಿಗೆ ಕೇಕ್ ತರಬೇಕು. ಹೊರಬಿದ್ದ ಮೇಲೆ, ಮೊದಲಲ್ಲ. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ, ಆದರೆ ತಲೆಯಲ್ಲಿ ಮಿದುಳಿರುವ ಯಾರಿಗಾದರೂ ತಿಳಿಯುವ ಮಾತು. ಗೆರ್ನೋಟ್ ಪೀಪರನಿಗೆ ಮಿದುಳು ಬೇಕಾದಷ್ಟಿತ್ತು. ಅಷ್ಟನ್ನೂ ಅವನು ಒಂದೇ ಲೆಕ್ಕಕ್ಕೆ ಸುರಿದುಬಿಟ್ಟಿದ್ದರಿಂದ ಬೇರೆ ಕೆಲಸಕ್ಕೆ ಉಳಿದಿರಲಿಲ್ಲ. ಮಂಗಳವಾರ ಬೆಳಗ್ಗೆ ಎಂಟೂವರೆಗೇ ಪ್ಲಮ್ ಹಣ್ಣಿನ ಕೇಕಿನ ಅಗಲವಾದ ತಟ್ಟೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ಮೂರನೆಯ ಮಹಡಿಯ ಅಡುಗೆಮೂಲೆಯಲ್ಲಿಟ್ಟ. ಪ್ರಬಂಧ ಇನ್ನೂ ಅವನ ಕಂಪ್ಯೂಟರಿನ ಹೊಟ್ಟೆಯಲ್ಲೇ ಇತ್ತು.

ಅವನ ಲೆಕ್ಕ ಇದು. ಜಿನೀವಾದಲ್ಲಿ ನೆಲದಡಿ ಇಪ್ಪತ್ತೇಳು ಕಿಲೋಮೀಟರ್ ಸುತ್ತಳತೆಯ ಯಂತ್ರವಿದೆ. ಅಲ್ಲಿ ಪ್ರೋಟಾನುಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಎಷ್ಟೋ ಕೋಟಿ ಡಿಕ್ಕಿಗೊಮ್ಮೆ ಹಿಗ್ಸ್ ಕಣ ಹುಟ್ಟುತ್ತದೆ. ಆ ಕಣ ಜೋಡಿಯಾಗಿ ಹುಟ್ಟುವುದಂತೂ ಅದಕ್ಕಿಂತ ಸಾವಿರ ಪಾಲು ಅಪರೂಪ. ಆ ಜೋಡಿ ಎಷ್ಟು ಸಲ ಹುಟ್ಟಬೇಕೆಂದು ಇಲ್ಲಿ ಕುರ್ಚಿಯ ಮೇಲೆ ಕೂತವರು ಮೊದಲೇ ಹೇಳಬೇಕು. ಹೇಳಿದ್ದಕ್ಕೂ ಯಂತ್ರ ಕಂಡದ್ದಕ್ಕೂ ವ್ಯತ್ಯಾಸ ಬಂದರೆ ಸೃಷ್ಟಿಯಲ್ಲಿ ಹೊಸದೇನೋ ಇದೆ ಎಂದರ್ಥ, ಇಲ್ಲವೆ ಹೇಳಿದವನು ದಡ್ಡ ಎಂದರ್ಥ. ಒರಟು ಲೆಕ್ಕ ಎಂದೋ ಆಗಿತ್ತು. ಅದರ ಮೇಲೆ ತಿದ್ದುಪಡಿ, ತಿದ್ದುಪಡಿಯ ಮೇಲೆ ತಿದ್ದುಪಡಿ. ಗೆರ್ನೋಟ್ ಕೈ ಹಾಕಿದ್ದು ಮೂರನೆಯ ಸುತ್ತಿನ ತಿದ್ದುಪಡಿಗೆ. ಕಣಗಳು ಹೇಗೆ ಹೇಗೆ ಕೂಡಿ ಒಡೆಯಬಹುದೆಂದು ತೋರಿಸುವ ಹದಿನಾಲ್ಕು ಸಾವಿರ ಚಿತ್ರಗಳು, ಒಂದೊಂದು ಚಿತ್ರಕ್ಕೂ ಒಂದೊಂದು ಹೊರೆ ಗಣಿತ. ನಾಲ್ಕು ವರ್ಷ, ಒಬ್ಬನೇ. ಎಲ್ಲ ಅರೆದು ಸೋಸಿದ ಮೇಲೆ ಬಂದದ್ದು ಒಂದೇ ಒಂದು ಅಂಕಿ, 32.14.

ಇಂಥ ಅಂಕಿಯನ್ನು ಒಬ್ಬನೇ ಹೇಳಿದರೆ ಯಾರೂ ನಂಬುವುದಿಲ್ಲ. ಇಬ್ಬರು ಒಬ್ಬರ ಮುಖ ಒಬ್ಬರು ನೋಡದೆ, ಬೇರೆ ಬೇರೆ ದಾರಿಯಲ್ಲಿ ಲೆಕ್ಕ ಮಾಡಿ, ಕೊನೆಗೆ ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. ಹೊಂದಿದರೆ ಇಬ್ಬರೂ ಒಂದೇ ದಿನ ಪ್ರಬಂಧ ಕಳಿಸಿ, ಅವರ ಲೆಕ್ಕಕ್ಕೂ ನಮ್ಮದಕ್ಕೂ ಪೂರ್ತಿ ಹೊಂದಿಕೆಯಿದೆ ಎಂದು ಬರೆದುಕೊಳ್ಳಬೇಕು. ಅದೇ ಲೆಕ್ಕವನ್ನು ಇಟಲಿಯಲ್ಲಿ ಪ್ರೊಫೆಸರ್ ಓರ್ನೆಲ್ಲಾ ಬ್ರುಸಾದಿನ್ ಎಂಬಾಕೆ ನಾಲ್ವರನ್ನು ಜೊತೆಗಿಟ್ಟುಕೊಂಡು ಮಾಡುತ್ತಿದ್ದರು. ಮಂಗಳವಾರ ಒಂಬತ್ತು ಹೊಡೆದೊಡನೆ ಇಬ್ಬರೂ ಒಟ್ಟಿಗೆ ಅಂಕಿ ಕಳಿಸುವುದೆಂದು ಮಾತಾಗಿತ್ತು.

ಒಂಬತ್ತು ಗಂಟೆ ಒಂದು ನಿಮಿಷಕ್ಕೆ ಅವರ ಅಂಕಿ ಬಂತು. 31.31.

ನೂರಕ್ಕೆ ಎರಡೂವರೆ ಚಿಲ್ಲರೆ ವ್ಯತ್ಯಾಸ. ಸಂತೆಯಲ್ಲಿ ಆಲೂಗಡ್ಡೆ ತೂಗುವವನು ಇಷ್ಟಕ್ಕೆ ತಲೆ ಎತ್ತಿಯೂ ನೋಡುವುದಿಲ್ಲ. ಆದರೆ ತನ್ನ ಅಂಕಿ ಹೆಚ್ಚೆಂದರೆ ನೂರಕ್ಕೆ ಅರ್ಧ ಆಚೀಚೆ ಆಗಬಹುದೆಂದು ಗೆರ್ನೋಟ್ ಬರೆದಿದ್ದ. ಬ್ರುಸಾದಿನ್ ಕೂಡ ಹಾಗೇ ಬರೆದಿದ್ದರು. ಅಂದಮೇಲೆ ಇಬ್ಬರಲ್ಲಿ ಒಬ್ಬರದು ಸುಳ್ಳು. ಗೆರ್ನೋಟ್ ಅಂಕಿಯನ್ನು ಇನ್ನೊಮ್ಮೆ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

ಅವನಿಗೆ ನಲವತ್ತೊಂದು ವರ್ಷ. ಓದು ಮುಗಿಸಿದ ಮೇಲೆ ಹನ್ನೊಂದು ವರ್ಷದಲ್ಲಿ ಐದು ಊರು ಬದಲಿಸಿದ್ದ. ಎಲ್ಲ ಕಡೆಯೂ ಎರಡು ವರ್ಷ, ಮೂರು ವರ್ಷದ ನೇಮಕ. ಇಲ್ಲಿನದು ಡಿಸೆಂಬರಿಗೆ ಮುಗಿಯುತ್ತಿತ್ತು. ಮಗಳು ಒಂದನೆಯ ತರಗತಿಗೆ ಸೇರಿ ಮೂರು ವಾರವಾಗಿತ್ತು. ಹೆಂಡತಿ ಆನ್ಕೆ ಹಿಂದಿನ ಊರಿನಿಂದ ತಂದ ಪೆಟ್ಟಿಗೆಗಳನ್ನು ಕೊನೆಗೂ ಬಿಚ್ಚಿದ್ದಳು. ಈಗ, ಅವನ ಜನ್ಮದಲ್ಲಿ ಮೊದಲ ಸಲ, ಒಂದು ಕಾಯಂ ಹುದ್ದೆ ಕೈಗೆಟಕುವಷ್ಟು ದೂರದಲ್ಲಿತ್ತು. ಬುಧವಾರ ಬೆಳಗ್ಗೆ ಹತ್ತಕ್ಕೆ ಆಯ್ಕೆ ಸಮಿತಿ ಕೂರುತ್ತಿತ್ತು. ಸಂಸ್ಥೆಯ ಮುಖ್ಯಸ್ಥ ಪ್ರೊಫೆಸರ್ ಓಸ್ಟರ್‌ಕಾಂಪ್ ಹಿಂದಿನ ವಾರವೇ ಕರೆದು ಕಡ್ಡಿ ಮುರಿದಂತೆ ಹೇಳಿದ್ದರು.

"ಬುಧವಾರ ಬೆಳಗ್ಗೆ ನಿಮ್ಮ ಪ್ರಬಂಧ ಪಟ್ಟೀಲಿ ಕಂಡ್ರೆ ನಿಮ್ಮ ಪರವಾಗಿ ನಾನು ಬಾಯಿ ಬಿಡಬಹುದು, ಹೆರ್ ಪೀಪರ್. ಕಾಣದಿದ್ರೆ ಕಾಫಿ ಕುಡ್ಕೊಂಡು ಸುಮ್ನೆ ಕೂರ್ತೀನಿ."

ಪಟ್ಟಿ ಎಂದರೆ ಜಗತ್ತಿನ ಭೌತವಿಜ್ಞಾನಿಗಳೆಲ್ಲ ಬೆಳಗ್ಗೆ ಹಲ್ಲುಜ್ಜುವ ಮುಂಚೆ ಕಂಪ್ಯೂಟರಿನಲ್ಲಿ ತೆರೆದು ನೋಡುವ ಪಟ್ಟಿ. ಸಂಜೆ ಎಂಟರೊಳಗೆ ಕಳಿಸಿದ ಪ್ರಬಂಧ ಮಾರನೆಯ ಬೆಳಗ್ಗೆ ಅದರಲ್ಲಿ ಬರುತ್ತದೆ. ಎಂಟಕ್ಕೆ ಬಾಗಿಲು ಮುಚ್ಚಿತೆಂದರೆ ಕಳಿಸಿದವನೇ ಕಾಲಿಗೆ ಬಿದ್ದರೂ ಹಿಂದಕ್ಕೆ ಕೊಡುವುದಿಲ್ಲ.

ಅದೇ ಕೋಣೆಯಲ್ಲಿ ಎದುರು ಮೇಜಿಗೆ ಕೂರುವ ಮಿರೆಕ್ ಎಂಬ ಪೋಲೆಂಡಿನವನು ಗೆರ್ನೋಟನ ಮುಖ ನೋಡಿಯೇ ಎದ್ದು ಬಂದ. ಎರಡೂ ಅಂಕಿಗಳನ್ನು ಕಳೆದು, ಕಣ್ಣು ಮುಚ್ಚಿ, ಧ್ಯಾನ ಮಾಡಿದ.

"ಸೊನ್ನೆ ಬಿಂದು ಎಂಟು ಮೂರು ಅಂದ್ರೆ ಹೆಚ್ಚುಕಡಿಮೆ ಆರರಲ್ಲಿ ಐದು. ನಿನ್ನ ಲೆಕ್ಕದಲ್ಲಿ ಆರರಲ್ಲಿ ಐದು ಎಲ್ಲಾದ್ರೂ ಬರುತ್ತೇನೋ ನೋಡು."

ನೋಡಿದ. ಮುನ್ನೂರ ಹನ್ನೆರಡು ಕಡೆ ಬರುತ್ತಿತ್ತು.

ಅಷ್ಟರಲ್ಲಿ ಸಂಸ್ಥೆಯ ಕಾರ್ಯದರ್ಶಿ ಫ್ರಾವ್ ಹಿಲ್ಲೆ ಎಂಬಾಕೆ ಅಡುಗೆಮೂಲೆಯಲ್ಲಿ ಕೇಕ್ ಕಂಡರು. ಕಂಡವರು ಸುಮ್ಮನಿರಲಿಲ್ಲ, ಪೀಪರನ ಪ್ರಬಂಧ ಹೋಯಿತಂತೆ ಎಂದು ಇಡೀ ಮಹಡಿಗೆ ಸುದ್ದಿ ಹಂಚಿದರು. ಕೈಕುಲುಕಲು ಜನ ಸಾಲಾಗಿ ಬಂದರು. ಪ್ರತಿಯೊಬ್ಬನಿಗೂ ಗೆರ್ನೋಟ್, ಇಲ್ಲ, ಇನ್ನೂ ಹೋಗಿಲ್ಲ ಎನ್ನಬೇಕಾಯಿತು. ಯಾಕೆ ಹೋಗಿಲ್ಲ ಎಂದರೆ ಅಂಕಿ ಹೊಂದಲಿಲ್ಲ ಎನ್ನಬೇಕಾಯಿತು. ಅದನ್ನು ಕೇಳಿದ ಮೇಲೆ ಹೊರಟು ಹೋಗುವಷ್ಟು ಮರ್ಯಾದೆ ಆ ಮಹಡಿಯಲ್ಲಿ ಯಾರಿಗೂ ಇರಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ತಾವು ಜೀವನದಲ್ಲಿ ಮಾಡಿದ ತಪ್ಪನ್ನೆಲ್ಲ ಒಬ್ಬೊಬ್ಬರಾಗಿ ಬಿಚ್ಚಿ, ನೀನೂ ಇದನ್ನೇ ಮಾಡಿದ್ದೀಯ ಎಂದು ಅವನ ತಲೆಗೆ ಕಟ್ಟಲು ನೋಡಿದರು. ಯಾರೋ ಯಂತ್ರದ ಶಕ್ತಿಯನ್ನು ಹಳೆಯದನ್ನೇ ಹಾಕಿದ್ದೀಯ ಎಂದರು. ಇನ್ನಾರೋ ಭಾರದ ಕಣದ ತೂಕ ತಪ್ಪು ಹಾಕಿದ್ದೀಯ ಎಂದರು. ಜೋಡಿಯನ್ನು ಎರಡು ಸಲ ಎಣಿಸಿದ್ದೀಯ ಎಂದವನಿಗೆ, ಹಾಗೆ ಎಣಿಸಿದ್ದರೆ ಉತ್ತರ ಅರವತ್ತನಾಲ್ಕು ಬರಬೇಕಿತ್ತಲ್ಲವೇ ಎಂದು ಗೆರ್ನೋಟ್ ಹಲ್ಲು ಕಚ್ಚಿ ಕೇಳಿದ. ಹನ್ನೊಂದರವರೆಗೆ ಇದೇ ಆಯಿತು.

ಹನ್ನೊಂದೂವರೆಗೆ ಅವನು ಎಲ್ಲರನ್ನೂ ಹೊರಗೆ ಹಾಕಿ, ಬಾಗಿಲು ಹಾಕಿಕೊಂಡು ಬ್ರುಸಾದಿನ್‌ಗೆ ಫೋನ್ ಮಾಡಿದ. ಲೆಕ್ಕ ನಲವತ್ತೊಂದು ತುಂಡುಗಳಲ್ಲಿತ್ತು. ಅವರು ತಮ್ಮ ತುಂಡು ಓದಿದರು, ಇವನು ತನ್ನದು ಓದಿದ. ಒಂದೊಂದೇ ಹೊಂದುತ್ತ ಹೋಯಿತು. ಇಪ್ಪತ್ತು ಹೊಂದಿತು, ಮೂವತ್ತು ಹೊಂದಿತು. ಮೂವತ್ತೇಳನೆಯದರಲ್ಲಿ ಇವನು ಸೊನ್ನೆ ಬಿಂದು ನಾಲ್ಕು ಒಂದು ಐದು ಎಂದ.

"ನಮ್ಮದೂ ಅದೇ," ಎಂದರು ಬ್ರುಸಾದಿನ್. "ಆದ್ರೆ ಮೈನಸ್."

ಇಷ್ಟೇ. ಅಕ್ಕಿಕಾಳಿನುದ್ದದ ಒಂದು ಅಡ್ಡಗೆರೆ. ಇವನು ಆ ತುಂಡನ್ನು ಕೂಡಿಸಿದ್ದ, ಅವರು ಕಳೆದಿದ್ದರು. ಉಳಿದ ನಲವತ್ತು ತುಂಡುಗಳು ಅಣ್ಣತಮ್ಮಂದಿರ ಹಾಗೆ ಒಂದೇ ಮುಖದವು.

ಹಾಗಾದರೆ ಆ ತುಂಡನ್ನು ನೀವು ಹೇಗೆ ಮಾಡಿದಿರಿ ಎಂದು ಗೆರ್ನೋಟ್ ಕೇಳಹೊರಟ. ಬ್ರುಸಾದಿನ್ ನಡುವೆಯೇ ತಡೆದರು.

"ಬೇಡ ಪೀಪರ್, ನೀವೂ ಹೇಳಬೇಡಿ, ನಾನೂ ಹೇಳಲ್ಲ. ಮಾತಾಡಿದ್ರೆ ಅದು ಪರೀಕ್ಷೆ ಆಗಲ್ಲ, ಪಂಚಾಯ್ತಿ ಆಗುತ್ತೆ. ನಿಮ್ಮ ಚಿಹ್ನೆ ನೀವು ನೋಡಿ, ನಮ್ಮದು ನಾವು ನೋಡ್ತೀವಿ. ತಪ್ಪಿರೋರು ತಿದ್ದಿಕೊಂಡು ಎಂಟರೊಳಗೆ ಕಳಿಸೋಣ. ಅಲ್ಲಿವರೆಗೂ ಫೋನೂ ಬೇಡ, ಈಮೇಲೂ ಬೇಡ."

"ಆಗಲಿ, ಪ್ರೊಫೆಸೊರೆಸ್ಸಾ," ಎಂದ ಗೆರ್ನೋಟ್. ಇದೇ ಆ ಜನರ ಶಾಸ್ತ್ರ. ಲೆಕ್ಕದಲ್ಲಿ ಮುಟ್ಟಿಸಿಕೊಳ್ಳುವುದಿಲ್ಲ ಅವರು.

ಮೈನಸ್ ಹುಡುಕುವುದೆಂದರೆ ಸುಲಭ ಎಂದುಕೊಳ್ಳುವವರು ಹುಡುಕಿ ನೋಡಲಿ. ಅಂಥ ಲೆಕ್ಕದಲ್ಲಿ ಮೈನಸ್ ಬಂದು ಸೇರಿಕೊಳ್ಳಲು ಹತ್ತು ಬಾಗಿಲು. ಚಿತ್ರದಲ್ಲಿ ಕಣದ ಗೆರೆ ಸುತ್ತಿ ಬಂದು ಬಳೆಯಾದರೆ ಒಂದು ಮೈನಸ್ ಹಾಕಬೇಕು. ಒಂದೇ ಜಾತಿಯ ಎರಡು ಕಣ ಜಾಗ ಅದಲುಬದಲು ಮಾಡಿಕೊಂಡರೆ ಇನ್ನೊಂದು. ಚಿತ್ರವನ್ನು ಕನ್ನಡಿಯೊಳಗಿನ ತನ್ನ ಬಿಂಬಕ್ಕೆ ಜೋಡಿಸುವಾಗ ಮತ್ತೊಂದು. ಒಟ್ಟು ಮೂರು ಬಂದರೆ ಆ ತುಂಡು ಕಳೆಯಬೇಕು, ನಾಲ್ಕು ಬಂದರೆ ಕೂಡಬೇಕು. ಗೆರ್ನೋಟ್ ಕೂಡಿದ್ದ. ಅಂದಮೇಲೆ ನಾಲ್ಕಿರಬೇಕು. ಊಟಕ್ಕೆ ಹೋಗದೆ ತನ್ನ ಪ್ರೋಗ್ರಾಮಿನ ಅರವತ್ತು ಸಾವಿರ ಸಾಲುಗಳೊಳಗೆ ಇಳಿದು ಮೈನಸ್‌ಗಳನ್ನು ಎಣಿಸತೊಡಗಿದ. ಒಂದು ಸಿಕ್ಕಿತು. ಎರಡನೆಯದು ಸಿಕ್ಕಿತು, ಮೂರನೆಯದೂ ಸಿಕ್ಕಿತು. ಒಂದೂವರೆಗೆ ನಾಲ್ಕನೆಯದು ಸಿಕ್ಕಿತು. ಅದರ ಪಕ್ಕದಲ್ಲಿ ಯಾರೋ ಒಂದು ಟಿಪ್ಪಣಿ ಬರೆದಿದ್ದರು.

'ಇಲ್ಲಿ ಮೈನಸ್ ಯಾಕೆ ಬೇಕೋ ಗೊತ್ತಿಲ್ಲ. ಹಾಕಿದರೆ ಸರಿಹೋಗುತ್ತದೆ.'

ಗೆರ್ನೋಟನಿಗೆ ಮೈಯೆಲ್ಲ ಉರಿಯಿತು. ಯಾವ ಅಡ್ನಾಡಿ ಬರೆದದ್ದು ಇದನ್ನು, ನಾಲ್ಕು ವರ್ಷದ ನನ್ನ ದುಡಿಮೆಯ ಬುಡಕ್ಕೆ ಹೀಗೆ ಗೆದ್ದಲು ಬಿಟ್ಟವನು ಯಾರು ಎಂದು ಕೂಗಾಡಿದ. ಅವನು ಕೂಗಾಡಿದ್ದನ್ನು ಹಿಂದೆಂದೂ ಯಾರೂ ನೋಡಿರಲಿಲ್ಲವಾದ್ದರಿಂದ ಮೂರು ಕೋಣೆಯವರು ಓಡಿ ಬಂದರು. ಪ್ರೋಗ್ರಾಮಿನಲ್ಲಿ ಯಾವ ಸಾಲನ್ನು ಯಾರು, ಯಾವತ್ತು ಬರೆದರು ಎಂಬುದು ದಾಖಲಾಗಿರುತ್ತದೆ. ಮಿರೆಕ್ ಅವನ ಭುಜದ ಮೇಲಿಂದ ಬಗ್ಗಿ ಆ ದಾಖಲೆ ತೆರೆದ. ತೆರೆದವನು ಓದದೆ ಕೆಮ್ಮಿದ.

"ಯಾರು ಹೇಳೋ," ಎಂದ ಗೆರ್ನೋಟ್.

"ನೀನೇ ಕಣೋ. ಮೂರು ವರ್ಷದ ಹಿಂದೆ. ಕ್ರಿಸ್‌ಮಸ್ಸಿಗೆ ಎರಡು ದಿನ ಇತ್ತು."

ಹಾಕಿದರೆ ಸರಿಹೋಗುತ್ತದೆ ಎಂದರೆ ಯಾವುದು ಸರಿಹೋಗುತ್ತದೆ ಎಂದು ಗೆರ್ನೋಟ್ ತಲೆ ಚಚ್ಚಿಕೊಂಡ. ಮೂರು ವರ್ಷದ ಹಿಂದಿನ ಆ ಮನುಷ್ಯ ಏನು ಕಂಡು ಅಷ್ಟು ಧೈರ್ಯವಾಗಿ ಬರೆದನೋ, ಇವತ್ತಿನ ಈ ಮನುಷ್ಯನಿಗೆ ಸುತರಾಂ ನೆನಪಾಗಲಿಲ್ಲ.

ಹಾಗಾದರೆ ಮೊದಲಿನಿಂದ ಕಾಗದದ ಮೇಲೆ ಮಾಡುವುದೇ ಸರಿ ಎಂದು ಕೂತ. ಎರಡೂಕಾಲಿಗೆ ಮುಗಿಯಿತು. ಆ ನಾಲ್ಕನೆಯ ಮೈನಸ್ ಬೇಕು, ಅಂದರೆ ತಾನು ಕೂಡಿದ್ದೇ ಸರಿ ಎಂದು ಬಂತು. ಹೋದ ಜೀವ ಮರಳಿದಂತಾಗಿ, ಖಾತ್ರಿಗೆಂದು ಇನ್ನೊಮ್ಮೆ ಮಾಡಿದ. ಬೇಡ ಎಂದು ಬಂತು. ಮಿರೆಕ್ ತಾನೂ ಬೇರೆಯಾಗಿ ಮಾಡಿ ಬೇಡ ಎಂದ, ಆಮೇಲೆ ತನ್ನ ಮೊದಲ ಸಾಲೇ ತಪ್ಪೆಂದು ಕಂಡು ಬೇಕು ಎಂದ. ಆಗ ಬಾಗಿಲಿನಲ್ಲಿ ಪ್ರೊಫೆಸರ್ ವೆಂಡ್‌ಲಾಂಡ್ ಕಾಣಿಸಿಕೊಂಡರು. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿದ್ದರೂ ಈ ಮುದುಕರು ದಿನಾ ಬಂದು ಹೋಗುತ್ತಿದ್ದರು. ಈಗಿನವರಿಗೆ ಕೈಯಲ್ಲಿ ಲೆಕ್ಕ ಮಾಡಲು ಬರುವುದಿಲ್ಲ, ತಮ್ಮ ಕಾಲದಲ್ಲಿ ಇಂಥದನ್ನು ಟ್ರಾಮಿನಲ್ಲಿ ನಿಂತು ಮಾಡುತ್ತಿದ್ದೆವು ಎಂದು ಹೇಳುತ್ತ ಸೀಮೆಸುಣ್ಣ ಕೈಗೆತ್ತಿಕೊಂಡರು. ಗೋಡೆಯಿಂದ ಗೋಡೆಗೆ ಹಲಗೆ ತುಂಬಿಸಿದರು. ಒರೆಸಿ ಮತ್ತೆ ತುಂಬಿಸಿದರು. ಒಂದು ಗಂಟೆಯ ಮೇಲೆ ಉತ್ತರ ಬಂತು. ಅದು ಪ್ಲಸ್ಸೂ ಅಲ್ಲ, ಮೈನಸ್ಸೂ ಅಲ್ಲ, ಮೈನಸ್ ಒಂದರ ವರ್ಗಮೂಲ.

"ಕುತೂಹಲವಾಗಿದೆ," ಎಂದು ವೆಂಡ್‌ಲಾಂಡ್ ಕೋಟು ಹಾಕಿಕೊಂಡು ಮನೆಗೆ ಹೋದರು.

ನಾಲ್ಕು ಗಂಟೆಗೆ ಕಾಫಿ. ಗೆರ್ನೋಟ್ ಹೋಗಲಿಲ್ಲ, ಆದರೆ ಅವನ ಕೇಕ್ ಹೋಯಿತು. ಪ್ರಬಂಧ ಹೋಗುವ ತನಕ ಕೇಕ್ ಕತ್ತರಿಸಬಾರದು ಎಂದು ಯಾರೋ ಒಬ್ಬಾತ ನ್ಯಾಯದ ಮಾತಾಡಿದನಂತೆ. ಪ್ಲಮ್ ಹುಳಿ ಬಂದರೆ ನೀನು ತಿನ್ನುತ್ತೀಯಾ ಎಂದು ಫ್ರಾವ್ ಹಿಲ್ಲೆ ಚಾಕು ಹಿಡಿದರಂತೆ. ಕೇಕ್ ತಿನ್ನುತ್ತಲೇ ಚರ್ಚೆ ನಡೆದು ಅಭಿಪ್ರಾಯ ಎಣಿಸಿದರಂತೆ. ಆರು ಜನ ಮೈನಸ್ ಬೇಡ ಎಂದರು, ನಾಲ್ವರು ಬೇಕು ಎಂದರು. ಫ್ರಾವ್ ಹಿಲ್ಲೆ ಈ ಫಲಿತಾಂಶವನ್ನೂ ಒಂದು ಒಣಗಿದ ಅಂಚಿನ ತುಂಡನ್ನೂ ತಟ್ಟೆಯಲ್ಲಿಟ್ಟು ತಂದುಕೊಟ್ಟರು. ಪ್ರಕೃತಿ ಜನರ ಮತ ಕೇಳಿ ನಡೆಯುವುದಿಲ್ಲ ಎಂದು ಗೆರ್ನೋಟ್ ಸಿಡುಕಿದ. ಅದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ.

"ಪ್ರಕೃತಿ ಕೇಳಲ್ಲ ಹೆರ್ ಪೀಪರ್, ಸಮಿತಿ ಕೇಳುತ್ತೆ. ಆ ಆರು ಜನರಲ್ಲಿ ಇಬ್ಬರು ನಾಳೆ ಅಲ್ಲಿ ಕೂರೋರು."

ಐದಕ್ಕೆ ಓಸ್ಟರ್‌ಕಾಂಪ್ ಬಂದರು. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ನಿಂತರು. ತಾನು ಇಂಥದರಲ್ಲಿ ಕೈ ಹಾಕುವವನಲ್ಲ, ಪ್ರಬಂಧಕ್ಕೆ ಹೆಸರು ಹಾಕುವವನೇ ಅದರ ಯಜಮಾನ ಎಂದರು. ಹಾಗೆಂದು ಹೇಳಿ ಹೋಗಬಹುದಿತ್ತು. ಬಾಗಿಲಲ್ಲಿ ತಿರುಗಿ ನಿಂತರು.

"ಒಂದು ಮಾತು. ಓರ್ನೆಲ್ಲಾ ಬ್ರುಸಾದಿನ್‌ನ ನಾನು ಮೂವತ್ತು ವರ್ಷದಿಂದ ಬಲ್ಲೆ. ಆಕೆ ಲೆಕ್ಕ ತಪ್ಪಿದ್ದು ಇದುವರೆಗೂ ಯಾರೂ ಕಂಡಿಲ್ಲ. ನಾನೇನೂ ಹೇಳ್ತಾ ಇಲ್ಲ."

ಏನೂ ಹೇಳದೆಯೇ ಆ ಮಾತು ಗೆರ್ನೋಟನ ಎದೆಯ ಮೇಲೆ ಕಲ್ಲಿಟ್ಟ ಹಾಗೆ ಕೂತಿತು.

ಅವನು ಮೂರನೆಯ ಸಲ ಲೆಕ್ಕ ಮಾಡಿದ. ಬೇಕು ಎಂದು ಬಂತು. ಈಗ ಬೇಕು ಎನ್ನುವುದು ಎರಡು ಸಲ, ಬೇಡ ಎನ್ನುವುದು ಒಂದು ಸಲ. ಬೇಡ ಎಂದು ಬಂದ ಹಾಳೆಯಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕಿದ, ಸಿಗಲಿಲ್ಲ. ಬೇಕು ಎಂದು ಬಂದ ಹಾಳೆಗಳಲ್ಲೂ ಹುಡುಕಿದ, ಅಲ್ಲೂ ಸಿಗಲಿಲ್ಲ. ಹೊಟ್ಟೆಯೊಳಗೆ ಮಾತ್ರ ಏನೋ ಒಂದು, ಬೇಕು, ಬೇಕು, ನೀನು ಮಾಡಿದ್ದೇ ಸರಿ ಎನ್ನುತ್ತಿತ್ತು. ಆದರೆ ಹೊಟ್ಟೆ ಹೇಳಿದ್ದನ್ನು ಪ್ರಬಂಧದಲ್ಲಿ ಬರೆಯುವಂತಿಲ್ಲ.

ಆರೂವರೆಗೆ ಆನ್ಕೆ ಫೋನ್ ಮಾಡಿದಳು. ಹೋಯಿತಾ ಎಂದಳು. ಇಲ್ಲ ಎಂದು ಎಲ್ಲವನ್ನೂ ಹೇಳಿದ. ಅವಳು ಶಾಲೆಯಲ್ಲಿ ಸಂಗೀತ ಕಲಿಸುವವಳು, ತಾಳ್ಮೆಯಿಂದ ಕೇಳಿಸಿಕೊಂಡಳು. ಮಗಳು ಇವತ್ತು ಹೊಸ ಗೆಳತಿಯ ಜೊತೆ ಕೈ ಹಿಡಿದುಕೊಂಡು ಮನೆಗೆ ಬಂದದ್ದನ್ನು ಹೇಳಿದಳು. ಆಮೇಲೆ ಕೇಳಿದಳು.

"ಆ ಗೆರೆ ಇದ್ರೂ ಇಲ್ದಿದ್ರೂ ಕಳಿಸಬಹುದಾ?"

"ಕಳಿಸಬಹುದು. ಆದ್ರೆ ಹೊಂದಿದೆ ಅಂತ ಬರೀಬೇಕಾದ್ರೆ ಹೊಂದಿರಬೇಕು."

"ಹೊಂದಿಲ್ಲ ಅಂತ ಬರೆದು ಕಳ್ಸು."

ಅವನು ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು. ಬ್ರುಸಾದಿನ್ ಜೊತೆ ಹೊಂದಲಿಲ್ಲ ಎಂದು ಬರೆದು, ಒಂದು ನೇಮಕ ಮುಗಿಯುತ್ತ ಬಂದ ಗೆರ್ನೋಟ್ ಪೀಪರ್ ಎಂಬಾತ ಕಳಿಸಿದರೆ, ತಪ್ಪು ಯಾರದೆಂದು ಲೋಕ ಚರ್ಚೆಗೆ ಕೂರುತ್ತದೆಯೇ? ಒಂದು ಕ್ಷಣವೂ ಇಲ್ಲ. ಅದನ್ನು ಅವಳಿಗೆ ಹೇಳಲಿಲ್ಲ. ಪೆಟ್ಟಿಗೆಗಳನ್ನು ಇನ್ನೂ ಇಟ್ಟಿದ್ದೀಯಾ ಎಂದು ಕೇಳಬೇಕೆನಿಸಿತು, ಅದನ್ನೂ ಕೇಳಲಿಲ್ಲ.

ಏಳು ಗಂಟೆ. ತುಂಡುಗಳ ಉತ್ತರಗಳೆಲ್ಲ ಬೇರೆ ಬೇರೆ ಇದ್ದುದರಿಂದ ಚಿಹ್ನೆ ತಿರುಗಿಸಲು ಲೆಕ್ಕವನ್ನೆಲ್ಲ ಮತ್ತೆ ಓಡಿಸಬೇಕಾಗಿರಲಿಲ್ಲ. ಆ ಒಂದು ಗೆರೆ ಅಳಿಸಿದರೆ ಸಾಕು. ಆದರೆ ಕೋಷ್ಟಕಗಳು, ನಕ್ಷೆಗಳು ಮತ್ತೆ ತಯಾರಾಗಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಅಳಿಸುವುದಾದರೆ ಈಗಲೇ ಅಳಿಸಬೇಕು.

"ಅವರಿಗೊಂದು ಮೇಲ್ ಹಾಕಿ ಕೇಳಲಾ?" ಎಂದ ಗೆರ್ನೋಟ್.

ಮಿರೆಕ್ ಬೆಚ್ಚಿಬಿದ್ದ. "ಹುಚ್ಚಾ ನಿನಗೆ? ಕೇಳಿ ತಿದ್ದಿಕೊಂಡ ಅಂತ ಒಂದು ಸಲ ಹೆಸರು ಬಂದ್ರೆ ಮುಗೀತು. ಆಮೇಲೆ ನಿನ್ನ ಅಂಕಿ ನಿನ್ನದಲ್ಲ, ಅವರದ್ದರ ನಕಲು. ಏನಾದ್ರೂ ಮಾಡು, ಒಬ್ನೇ ಮಾಡು."

ಒಬ್ಬನೇ ಮಾಡಿದ. ಏಳು ಗಂಟೆ ಆರು ನಿಮಿಷಕ್ಕೆ, ಹಲ್ಲಿನ ನೋವಿದ್ದವನು ವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆಯುವ ಹಾಗೆ ಕಣ್ಣು ಮುಚ್ಚಿಕೊಂಡು, ನಾಲ್ಕನೆಯ ಮೈನಸ್ಸನ್ನು ಅಳಿಸಿದ. ಟಿಪ್ಪಣಿಯನ್ನೂ ಅಳಿಸಿದ. 32.14 ಹೋಗಿ 31.31 ಬಂತು. ನಾಲ್ಕು ವರ್ಷ ಅವನ ಜೊತೆ ಉಂಡು ಮಲಗಿದ ಅಂಕಿ, ಒಂದು ಮಾತೂ ಆಡದೆ ಎದ್ದು ಹೋಯಿತು.

ಏಳೂ ಐವತ್ತಕ್ಕೆ ನಕ್ಷೆಗಳು ಬಂದವು. ಪ್ರಬಂಧದ ತಲೆಬರಹದ ಕೆಳಗೆ, ಪ್ರೊಫೆಸರ್ ಬ್ರುಸಾದಿನ್ ಮತ್ತು ಸಂಗಡಿಗರ ಸ್ವತಂತ್ರ ಲೆಕ್ಕದೊಂದಿಗೆ ಈ ಉತ್ತರ ಪೂರ್ತಿ ಹೊಂದುತ್ತದೆ ಎಂಬ ಸಾಲು ಸೇರಿಸಿದ. ಕಳಿಸಲು ಒತ್ತಿದ. ಒಂಬತ್ತನೆಯ ನಕ್ಷೆ ತುಂಬ ದೊಡ್ಡದು ಎಂದು ಪಟ್ಟಿಯ ಯಂತ್ರ ವಾಪಸು ಕಳಿಸಿತು. ಏಳೂ ಐವತ್ತಮೂರು. ಮಿರೆಕ್ ನಕ್ಷೆಯನ್ನು ಕುಗ್ಗಿಸಲು ಹೋಗಿ ಎಂಟನೆಯದನ್ನು ಕುಗ್ಗಿಸಿದ. ಗೆರ್ನೋಟ್ ಅವನ ಕೈಗೆ ಹೊಡೆದ. ಬಾಗಿಲಲ್ಲಿ ಫ್ರಾವ್ ಹಿಲ್ಲೆ, ಅವರ ಹಿಂದೆ ಇನ್ನೂ ನಾಲ್ಕು ತಲೆ. ಮನೆಗೆ ಹೋಗುವ ಹೊತ್ತಾದರೂ ಆ ಜನಕ್ಕೆ ಮನೆಯ ನೆನಪಿರಲಿಲ್ಲ. ಏಳೂ ಐವತ್ತಾರು. ಪ್ರಬಂಧ ಯಾವ ವಿಭಾಗಕ್ಕೆ ಸೇರಿದ್ದು ಎಂದು ಯಂತ್ರ ಕೇಳಿತು. ಒಪ್ಪಂದದ ಷರತ್ತು ಓದಿದ್ದೀರಾ ಎಂದು ಕೇಳಿತು. ಓದಿದ್ದೇನೆ ಎಂದು ಸುಳ್ಳು ಒತ್ತಿದ. ಏಳೂ ಐವತ್ತೆಂಟಕ್ಕೆ, ಸ್ವೀಕರಿಸಲಾಗಿದೆ ಎಂದು ಬಂತು.

ಯಾರೋ ಚಪ್ಪಾಳೆ ತಟ್ಟಿದರು. ಓಸ್ಟರ್‌ಕಾಂಪರ ಕೋಣೆಯಲ್ಲಿ ಒಂದು ಬಾಟಲಿ ತಣ್ಣಗಿಟ್ಟಿದ್ದಾರೆ, ತರುತ್ತೇನೆ ಎಂದು ಫ್ರಾವ್ ಹಿಲ್ಲೆ ಓಡಿದರು. ಉಳಿದವರೂ ಅವರ ಹಿಂದೆ ಹೋದರು. ಗೆರ್ನೋಟ್ ಕುರ್ಚಿಗೆ ಒರಗಿದ. ಬೆಳಗ್ಗೆಯಿಂದ ಮೊದಲ ಸಲ ಹಸಿವಾಯಿತು. ಒಣಗಿದ ಕೇಕಿನ ತುಂಡನ್ನು ಬಾಯಿಗಿಟ್ಟ. ಎಂಟು ಗಂಟೆ ಹೊಡೆಯಿತು, ಪಟ್ಟಿಯ ಬಾಗಿಲು ಮುಚ್ಚಿತು.

ಎಂಟೂ ಐದಕ್ಕೆ ಫೋನ್ ಬಂತು. ಬ್ರುಸಾದಿನ್.

"ಪೀಪರ್, ಕಳಿಸಿದ್ರಾ?"

ಕಳಿಸಿದೆ ಎಂದ, ಕೇಕ್ ನುಂಗುತ್ತ.

"ನಾವೂ ಕಳಿಸಿದ್ವಿ. ನಿಮಗೆ ಒಂದು ಧನ್ಯವಾದ ಹೇಳ್ಬೇಕು. ಚಿಹ್ನೆ ತಪ್ಪಿದ್ದು ನಮ್ಮದೇ. ತಿರುಗಿಸಿ ಕಳಿಸಿದೀವಿ. ಈಗ ನಮ್ಮದೂ ಮೂವತ್ತೆರಡು ಬಿಂದು ಒಂದು ನಾಲ್ಕು. ನಿಮ್ಮ ಜೊತೆ ಪೂರ್ತಿ ಹೊಂದಿಕೆ ಅಂತ ಮೇಲುಗಡೇನೇ ಬರೆದಿದೀವಿ."

ಕೇಕ್ ಗಂಟಲಲ್ಲೇ ನಿಂತಿತು. ಮಿರೆಕ್ ನೀರು ತಂದುಕೊಟ್ಟ. ತಪ್ಪು ಎಲ್ಲಿತ್ತು ಎಂದು ಗೆರ್ನೋಟ್ ಕೇಳಿದ.

"ಎಲ್ಲಿ ಅಂತ ಕೈಗೆ ಸಿಗಲಿಲ್ಲ, ನಿಜ ಹೇಳ್ಬೇಕಂದ್ರೆ. ಐದು ಜನ ಏಳು ಗಂಟೆ ಹೊತ್ತು ಹುಡುಕಿದ್ವಿ. ಆಮೇಲೆ ನಾನೇ ಅಂದೆ, ಆ ಮನುಷ್ಯ ನಾಲ್ಕು ವರ್ಷ ಒಬ್ನೇ ಕೂತು ಮಾಡಿದಾನೆ. ನಮ್ಮ ಥರ, ಅವನು ನೋಡಿರ್ತಾನೆ ಅಂತ ಇವನು, ಇವನು ನೋಡಿರ್ತಾನೆ ಅಂತ ಅವನು ಬಿಟ್ಟಿರೋಕೆ ಅವನ ಹತ್ರ ಎರಡನೆಯವನೇ ಇಲ್ಲ. ಅವನದೇ ಸರಿ ಇರ್ಬೇಕು, ತಿರುಗಿಸಿ ಅಂದೆ."

"ಪ್ರೊಫೆಸೊರೆಸ್ಸಾ," ಎಂದ ಗೆರ್ನೋಟ್. "ನಾನೂ ತಿರುಗಿಸಿದೆ."

"ಏನನ್ನ?"

"ಅದನ್ನೇ."

ಬ್ರುಸಾದಿನ್ ತಮ್ಮ ಭಾಷೆಯಲ್ಲಿ ಎರಡು ಶಬ್ದ ಹೇಳಿದರು. ಗೆರ್ನೋಟನಿಗೆ ಆ ಭಾಷೆ ಬರುತ್ತಿರಲಿಲ್ಲ, ಆದರೆ ಅರ್ಥವಾಗುವುದಕ್ಕೆ ಭಾಷೆ ಬೇಕಿರಲಿಲ್ಲ.

"ನೀವು ಯಾಕ್ರೀ ತಿರುಗಿಸಿದ್ರಿ?" ಎಂದರು ಆಮೇಲೆ. "ನಿಮಗೆ ತಪ್ಪು ಸಿಕ್ತಾ?"

"ಇಲ್ಲ. ಮೂವತ್ತು ವರ್ಷದಲ್ಲಿ ನೀವು ಲೆಕ್ಕ ತಪ್ಪಿದ್ದನ್ನ ಯಾರೂ ಕಂಡಿಲ್ಲ ಅಂದ್ರು."

"ಅಯ್ಯೋ ದೇವರೇ. ತಪ್ಪಿದ್ದನ್ನೆಲ್ಲ ನಾನು ಊರವರಿಗೆ ಕರೆದು ತೋರಿಸ್ತಾ ಕೂತಿರ್ತೀನಾ?"

ಗೆರ್ನೋಟ್ ಗೋಡೆಯ ಗಡಿಯಾರ ನೋಡಿದ. ಎಂಟೂ ಒಂಬತ್ತು. ಹೇಗಾದರೂ ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದ, ಆಗುವುದಿಲ್ಲ ಎಂದು ಗೊತ್ತಿದ್ದೂ. ಆಗುವುದಿಲ್ಲ ಎಂದರು. ಹಾಗಾದರೆ ಆ ಮೈನಸ್ ಬೇಕೋ ಬೇಡವೋ ಎಂದು ಕೇಳಿದ. ಅದು ನನಗೆ ಬೆಳಗ್ಗೆ ಖಚಿತವಾಗಿ ಗೊತ್ತಿತ್ತು, ಈಗ ಗೊತ್ತಿಲ್ಲ ಎಂದರು.

ಬಾಗಿಲು ತೆರೆಯಿತು. ಓಸ್ಟರ್‌ಕಾಂಪ್ ಮುಂದೆ, ಬಾಟಲಿ ಹಿಡಿದ ಫ್ರಾವ್ ಹಿಲ್ಲೆ ಹಿಂದೆ, ಗ್ಲಾಸು ಹಿಡಿದ ಇಡೀ ಮಹಡಿ ಅವರ ಹಿಂದೆ. ಫೋನಿನಲ್ಲಿ ಬ್ರುಸಾದಿನ್ ಎಂದು ಮಿರೆಕ್ ಬಾಯಿ ತಪ್ಪಿ ಹೇಳಿಬಿಟ್ಟ. ಓಸ್ಟರ್‌ಕಾಂಪರ ಮುಖ ಅರಳಿತು. ಗೆರ್ನೋಟನ ಕೈಯಿಂದ ಫೋನ್ ತೆಗೆದುಕೊಂಡು, ಆ ಕಡೆಯವರಿಗೆ ಮಾತಾಡಲು ಎಡೆಯನ್ನೇ ಕೊಡದೆ, ಓರ್ನೆಲ್ಲಾ, ನಿನಗೂ ಅಭಿನಂದನೆ, ನಾಳೆ ಬಿಡುವಾಗಿ ಮಾತಾಡೋಣ ಎಂದು ಮುಗಿಸಿ ಮೇಜಿನ ಮೇಲಿಟ್ಟರು. ಆಮೇಲೆ ಗೆರ್ನೋಟನ ಭುಜದ ಮೇಲೆ ಕೈ ಹಾಕಿ ಎಲ್ಲರ ಕಡೆ ತಿರುಗಿದರು.

"ಚಿಹ್ನೆ ಯಾವುದು ಅಂತ ನಾನು ಕೇಳಲ್ಲ. ನಾಳೆ ಸಮಿತಿಗೂ ನಾನು ಹೇಳೋದು ಒಂದೇ ಮಾತು. ಇಬ್ಬರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಉತ್ತರಕ್ಕೆ ಬಂದಿದಾರೆ. ನಂಬಿಕೆ ಇಲ್ದಿದ್ರೆ ಪಟ್ಟಿ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ಕೊಳ್ಳಿ ಅಂತೀನಿ."

ಗ್ಲಾಸುಗಳು ತುಂಬಿದವು. ಗೆರ್ನೋಟನ ಕೈಗೂ ಒಂದು ಬಂತು. ಅವನು ಪರದೆಯ ಕಡೆ ನೋಡಿದ. ಬೆಳಗ್ಗೆ ಒಂಬತ್ತಕ್ಕೆ 32.14 ಎನ್ನುವವನು ಭೂಮಿಯ ಮೇಲೆ ಅವನೊಬ್ಬನೇ ಇದ್ದ. ಈಗ 31.31 ಎನ್ನುವವನು ಅವನೊಬ್ಬನೇ.